ಮುಳ್ಳು ಒಂದೇ ಕಡೆ ಓಡಿದರೆ ಎಂತ ಮಾಡುವುದು?

ಪ್ರಶ್ನೆ: ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯವಳು. ಸೆಕೆಂಡ್ ಪಿಯು ಸೈನ್ಸ್. ಫಿಸಿಕ್ಸ್ ಪ್ರಾಕ್ಟಿಕಲ್‌ಗೆ ಇನ್ನು 3 ವಾರ ಇದೆ. ನಮ್ಮ ಲ್ಯಾಬಿನಲ್ಲಿ ಒಂದು ಟೇಬಲ್‌ಗೆ 6 ಜನ. ವರ್ಷವಿಡೀ ನಾನು ರೀಡಿಂಗ್ ಬರೆದುಕೊಂಡದ್ದೇ ಜಾಸ್ತಿ, ಕೈಯಲ್ಲಿ ಮುಟ್ಟಿದ್ದು ಕಡಿಮೆ. ಸೀನಿಯರ್ ರೆಕಾರ್ಡಿನ ರೀಡಿಂಗ್ ಬಾಯಿಪಾಠ ಮಾಡಿಕೊಂಡು ಹೋಗು, ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯಾ? ಕನೆಕ್ಷನ್ ಕೊಟ್ಟ ಮೇಲೆ ಮುಳ್ಳು ಒಂದೇ ಕಡೆ ಓಡಿದರೆ ಎಂತ ಮಾಡಬೇಕು? 10ನೇ ತರಗತಿವರೆಗೆ ಕನ್ನಡ ಮೀಡಿಯಂ ಓದಿದ್ದು, ವೈವಾ (ಬಾಯಿಮಾತಿನ ಪರೀಕ್ಷೆ) ನೆನೆಸಿಕೊಂಡರೇ ಹೆದರಿಕೆ.

ಉತ್ತರ: ಬಾಯಿಪಾಠದ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಯಾಕೆ ಬೇಡ ಅಂತ ಹೇಳಲು ಒಂದು ಹಳೇ ಕತೆ ಇದೆ.

ಮಲೆನಾಡಿನ ಒಂದು ಕಾಲೇಜಿಗೆ ನಾನು ಎಕ್ಸ್‌ಟರ್ನಲ್ ಆಗಿ, ಅಂದರೆ ಹೊರಗಿನ ಪರೀಕ್ಷಕನಾಗಿ ಹೋಗಿದ್ದೆ. ಒಬ್ಬ ಹುಡುಗನಿಗೆ ಚೀಟಿಯಲ್ಲಿ ಕಾನ್ವೆಕ್ಸ್ ಲೆನ್ಸ್ ಬಂದಿತ್ತು. ಅರ್ಧ ಗಂಟೆಯೊಳಗೆ ಟೇಬಲ್ ತುಂಬಿಸಿ, ಲೆಕ್ಕ ಮಾಡಿ, ಫೋಕಲ್ ಲೆಂತ್ 20 ಸೆಂ.ಮೀ. ಅಂತ ಬರೆದು ಕೆಳಗೆ ಗೆರೆ ಎಳೆದು ಕೂತಿದ್ದ. ಒಂದು ರೀಡಿಂಗ್ ಹೀಗಿತ್ತು: ವಸ್ತು ಪಿನ್ 30ರಲ್ಲಿ, ಪ್ರತಿಬಿಂಬ 60ರಲ್ಲಿ. ಲೆಕ್ಕ ಪಕ್ಕಾ. ಬೆಂಚಿನ ಮೇಲೆ ಪಿನ್‌ಗಳೂ ಅಲ್ಲೇ ನಿಂತಿದ್ದವು. "ಎಲ್ಲಪ್ಪಾ, ಪ್ರತಿಬಿಂಬ ತೋರಿಸು" ಅಂದೆ. ಬಗ್ಗಿ ನೋಡಿದ, ಮತ್ತೆ ನೋಡಿದ, ಪಿನ್ ಆಚೆ ಈಚೆ ಮಾಡಿದ. ಪ್ರತಿಬಿಂಬ ಇದ್ದದ್ದು 15ರಲ್ಲಿ. ಆ ವರ್ಷ ಬಾಕ್ಸಿನಲ್ಲಿದ್ದದ್ದು 10 ಸೆಂ.ಮೀ. ಲೆನ್ಸ್. ಅವನು ಬಾಯಿಪಾಠ ಮಾಡಿದ್ದು ಹಿಂದಿನ ವರ್ಷದ ಲೆನ್ಸಿನ ರೀಡಿಂಗ್. ಪಾಪ, ಮುಖ ಸಪ್ಪೆಯಾಯಿತು. ಟೈಮ್ ಇನ್ನೂ ಇತ್ತು, ಹೊಸದಾಗಿ ಮಾಡು ಅಂದೆ. ನಿಜವಾಗಿ ಹುಡುಕಿ ನಾಲ್ಕು ರೀಡಿಂಗ್ ತೆಗೆದ, ಉತ್ತರ 10.4 ಬಂತು. ಅದಕ್ಕೆ ಸಿಗಬೇಕಾದ ಅಂಕ ಸಿಕ್ಕಿತು. ಗಮನಿಸಿ, 10.4ಕ್ಕೆ ಅಂಕ ಹೋಗಲಿಲ್ಲ. ಚೆಂದದ 20ಕ್ಕೆ ಹೋಗುವುದರಲ್ಲಿತ್ತು.

ಥಿಯರಿ 70, ಪ್ರಾಕ್ಟಿಕಲ್ 30. ಈ 30ರಲ್ಲಿ ರೆಕಾರ್ಡ್‌ಗೆ ಒಂದು ಪಾಲು, ವೈವಾಗೆ ಒಂದು ಪಾಲು ಹೋಗುತ್ತದೆ. ಉಳಿದದ್ದು ಎಕ್ಸ್‌ಪೆರಿಮೆಂಟಿಗೆ, ಅದನ್ನೂ ಮತ್ತೆ ತುಂಡು ಮಾಡಿ ಕೊಡುತ್ತಾರೆ: ತತ್ವ ಬರೆದದ್ದಕ್ಕೆ, ಸೂತ್ರಕ್ಕೆ, ಚಿತ್ರಕ್ಕೆ, ಟೇಬಲ್ ಹಾಕಿದ್ದಕ್ಕೆ, ಜೋಡಿಸಿದ್ದಕ್ಕೆ, ರೀಡಿಂಗಿಗೆ, ಲೆಕ್ಕಕ್ಕೆ, ಯೂನಿಟ್ ಸಮೇತ ಉತ್ತರಕ್ಕೆ. ಅಂದರೆ ಕೊನೆಯ ಉತ್ತರ ಸ್ವಲ್ಪ ಆಚೀಚೆ ಆದರೆ ಹೋಗುವುದು ಚೂರೇ ಚೂರು. ಆ ಚೂರಿಗೋಸ್ಕರ ಸುಳ್ಳು ರೀಡಿಂಗ್ ಬರೆದು ಉಳಿದದ್ದನ್ನೂ ಅನುಮಾನಕ್ಕೆ ದೂಡುವುದು ಬುದ್ಧಿವಂತಿಕೆ ಅಲ್ಲ ಅಲ್ವಾ? ತತ್ವ, ಸೂತ್ರ, ಚಿತ್ರ, ಟೇಬಲ್, ಇವಿಷ್ಟನ್ನು ಮನೆಯಲ್ಲೇ ಕೂತು ತಯಾರಿ ಮಾಡಬಹುದು. ಬಾಯಿಪಾಠ ಮಾಡುವ ಚಪಲ ಇದ್ದರೆ ಇವನ್ನು ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ಈಗ ಮುಳ್ಳಿನ ವಿಷಯ. ನೀವು ಕೇಳುತ್ತಿರುವುದು ಮೀಟರ್ ಬ್ರಿಡ್ಜ್, ಅಂದರೆ ಒಂದು ಮೀಟರ್ ತಂತಿ ಇಟ್ಟು ಗೊತ್ತಿಲ್ಲದ ರೆಸಿಸ್ಟೆನ್ಸ್ ಅಳೆಯುವ ಹಲಗೆಯ ಬಗ್ಗೆ ಅಂತ ನನಗೆ ಗ್ಯಾರಂಟಿ, ಮಕ್ಕಳು ಅತ್ತದ್ದನ್ನು ನಾನು ಜಾಸ್ತಿ ನೋಡಿದ್ದು ಆ ಟೇಬಲ್ ಹತ್ತಿರವೇ.

ಕನೆಕ್ಷನ್ ಕೊಟ್ಟ ತಕ್ಷಣ ಸೊನ್ನೆ, ಅಂದರೆ ಮುಳ್ಳು ಅಲ್ಲಾಡದ ಜಾಗ, ಹುಡುಕಲು ಹೋಗಬೇಡಿ. ಜಾಕಿಯನ್ನು (ತಂತಿಗೆ ಮುಟ್ಟಿಸುವ ಕಡ್ಡಿ) ಮೊದಲು ತಂತಿಯ ಎಡ ತುದಿಯಲ್ಲಿ ಒಂದು ಕ್ಷಣ ಒತ್ತಿ, ಆಮೇಲೆ ಬಲ ತುದಿಯಲ್ಲಿ ಒತ್ತಿ. ಮುಳ್ಳು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೋದರೆ ಎಲ್ಲ ಸರಿ ಇದೆ, ಸೊನ್ನೆ ಮಧ್ಯೆ ಎಲ್ಲೋ ಇದೆ. ಮುಳ್ಳು ಅಲ್ಲಾಡಲೇ ಇಲ್ಲ ಅಂದರೆ ಸೆಲ್ ಸತ್ತಿದೆ, ಇಲ್ಲ ಕೀ ಹಾಕಿಲ್ಲ, ಇಲ್ಲ ಗ್ಯಾಲ್ವನೋಮೀಟರಿಗೆ (ಆ ಮುಳ್ಳಿರುವ ಮೀಟರ್) ಹೋಗುವ ವೈರ್ ಬಿಟ್ಟಿದೆ. ಎರಡೂ ತುದಿಯಲ್ಲಿ ಒಂದೇ ಕಡೆಗೆ ಓಡಿದರೆ, ರೆಸಿಸ್ಟೆನ್ಸ್ ಸಿಕ್ಕಿಸುವ ಎರಡು ಗ್ಯಾಪ್‌ಗಳಲ್ಲಿ ಒಂದು ಕಡೆ ಕನೆಕ್ಷನ್ ಕಡಿದಿದೆ ಅಂತ ಲೆಕ್ಕ. ಯಾವ ಕಡೆ ಅಂತ ಮುಳ್ಳೇ ಹೇಳುತ್ತದೆ, ಇದನ್ನು ತುಂಬ ಜನ ಹೇಳಿಕೊಡುವುದಿಲ್ಲ. ಜಾಕಿಯನ್ನು ಒಂದೊಂದೇ ಜಾಗದಲ್ಲಿ ಒತ್ತುತ್ತಾ ಹೋಗಿ. ಯಾವ ತುದಿಗೆ ಹೋದ ಹಾಗೆ ಡಿಫ್ಲೆಕ್ಷನ್ (ಮುಳ್ಳು ವಾಲುವುದು) ಕಡಿಮೆಯಾಗಿ ಸೊನ್ನೆಗೆ ಬರುತ್ತದೋ, ಅದರ ಎದುರು ಕಡೆಯ ಗ್ಯಾಪ್‌ನಲ್ಲಿ ತಪ್ಪು ಇದೆ. ಬಲ ತುದಿಯಲ್ಲಿ ಸೊನ್ನೆ ಬಂತಾ, ಎಡ ಗ್ಯಾಪ್ ನೋಡಿ. ಎಡ ತುದಿಯಲ್ಲಿ ಬಂತಾ, ಬಲ ಗ್ಯಾಪ್ ನೋಡಿ. ಕಾರಣ ಸುಲಭ: ಒಂದು ಗ್ಯಾಪ್ ಕಡಿದಾಗ ಮಧ್ಯದ ಟರ್ಮಿನಲ್ಲು ಇನ್ನೊಂದು ಗ್ಯಾಪಿನ ಮೂಲಕ ಆ ಕಡೆಯ ತುದಿಗೆ ಮಾತ್ರ ಅಂಟಿಕೊಂಡಿರುತ್ತದೆ, ಹಾಗಾಗಿ ಜಾಕಿ ಅದೇ ತುದಿಗೆ ಹೋದಾಗ ಎರಡರ ಪೊಟೆನ್ಶಿಯಲ್ ಒಂದೇ ಆಗುತ್ತದೆ. ಇನ್ನೊಂದು ಸಾಧ್ಯತೆ, ರೆಸಿಸ್ಟೆನ್ಸ್ ಬಾಕ್ಸ್ ಇರುವ ಕಡೆಯ ತುದಿಯಲ್ಲೇ ಸೊನ್ನೆ ಬಂದರೆ ನೀವು ಬಾಕ್ಸಿನ ಒಂದೂ ಪ್ಲಗ್ ತೆಗೆದಿಲ್ಲದೆ ಇರಬಹುದು.

ನಗಬೇಡಿ, ಪ್ರತಿ ವರ್ಷ ಇದು ಆಗುತ್ತದೆ. ಪ್ಲಗ್ ಹಾಕಿದರೆ ರೆಸಿಸ್ಟೆನ್ಸ್ ಸೇರಿಕೊಳ್ಳುತ್ತದೆ ಅಂತ ಮಕ್ಕಳು ತಿಳಿದುಕೊಂಡಿರುತ್ತಾರೆ. ಉಲ್ಟಾ. ಪ್ಲಗ್ ಅಂದರೆ ಹಿತ್ತಾಳೆ ಸೇತುವೆ. ಅದು ಕೂತಿದ್ದರೆ ಕರೆಂಟ್ ಅದರ ಮೇಲೇ ದಾಟಿ ಹೋಗುತ್ತದೆ, ಒಳಗಿನ ಸುರುಳಿಗೆ ಇಳಿಯುವುದೇ ಇಲ್ಲ. ಪ್ಲಗ್ ತೆಗೆದಾಗಲೇ ಸುರುಳಿ ದಾರಿಗೆ ಬರುವುದು. ಮತ್ತೆ, ಬಾಕಿ ಪ್ಲಗ್‌ಗಳನ್ನು ಸುಮ್ನೆ ತೂತಿಗೆ ಇಟ್ಟರೆ ಸಾಲದು, ಒತ್ತಿ ಸ್ವಲ್ಪ ತಿರುಗಿಸಬೇಕು. ಸಡಿಲ ಪ್ಲಗ್ ಇದ್ದರೆ ನೀವು 4 ಓಮ್ ಅಂದುಕೊಂಡದ್ದು 4 ಆಗಿರುವುದಿಲ್ಲ, ಮುಳ್ಳು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮಳೆ, ಲ್ಯಾಬಿನ ಹಿತ್ತಾಳೆ ಟರ್ಮಿನಲ್‌ಗಳಿಗೆಲ್ಲ ಹಸಿರು ಕಿಲುಬು ಹಿಡಿದಿರುತ್ತದೆ. ತಾಮ್ರದ ವೈರಿನ ತುದಿ ಕಪ್ಪಾಗಿರುತ್ತದೆ. ಕಣ್ಣಿಗೆ ಕನೆಕ್ಷನ್ ಕೊಟ್ಟ ಹಾಗೇ ಕಾಣುತ್ತದೆ, ಕರೆಂಟ್ ಮಾತ್ರ ಹೋಗುವುದಿಲ್ಲ. ಪರೀಕ್ಷೆಯ ದಿನ ಪ್ರತಿ ವೈರಿನ ಎರಡೂ ತುದಿಯನ್ನು ಮರಳು ಕಾಗದದಲ್ಲಿ ತಿಕ್ಕಿ ಕೆಂಪು ಬಣ್ಣ ಕಂಡ ಮೇಲೆ ಸಿಕ್ಕಿಸಿ. ಸುತ್ತುವಾಗ ಸ್ಕ್ರೂ ತಿರುಗುವ ದಿಕ್ಕಿಗೇ ಸುತ್ತಿ, ಬಿಗಿ ಮಾಡಿದಾಗ ವೈರ್ ಒಳಗೆ ಹೋಗುತ್ತದೆ. ಉಲ್ಟಾ ಸುತ್ತಿದರೆ ಹೊರಗೆ ಜಾರುತ್ತದೆ. 3 ನಿಮಿಷದ ಕೆಲಸ, ಮುಕ್ಕಾಲು ಗಂಟೆ ಉಳಿಸುತ್ತದೆ.

ಜಾಕಿಯನ್ನು ತಂತಿಯ ಮೇಲೆ ಎಳೆಯಬೇಡಿ. ಒತ್ತಿ, ಎತ್ತಿ, ಸರಿಸಿ, ಮತ್ತೆ ಒತ್ತಿ. ಎಳೆದರೆ ತಂತಿ ಸವೆದು ಒಂದೊಂದು ಕಡೆ ಒಂದೊಂದು ದಪ್ಪ ಆಗುತ್ತದೆ, ಇಡೀ ಸೂತ್ರ ನಿಂತಿರುವುದೇ ತಂತಿ ಎಲ್ಲ ಕಡೆ ಒಂದೇ ಸಮ ಇದೆ ಅನ್ನುವುದರ ಮೇಲೆ. ಎಕ್ಸ್‌ಟರ್ನಲ್ ಕಣ್ಣಿಗೆ ಮೊದಲು ಬೀಳುವುದೂ ಇದೇ. ಸೊನ್ನೆ 30ರಿಂದ 70 ಸೆಂ.ಮೀ. ಒಳಗೆ ಬರುವ ಹಾಗೆ ಬಾಕ್ಸಿನ ಬೆಲೆ ಇಟ್ಟುಕೊಳ್ಳಿ. ತುದಿಯ ಹತ್ತಿರ ಬಂದರೆ 1 ಮಿಲಿಮೀಟರ್ ತಪ್ಪೂ ದೊಡ್ಡದಾಗುತ್ತದೆ. ಎಡ ಗ್ಯಾಪಿನಲ್ಲಿ 4 ಓಮ್ ಇಟ್ಟು 61.5ರಲ್ಲಿ ಸೊನ್ನೆ ಬಂತು ಅನ್ನಿ, ಆಚೆ ಉಳಿದದ್ದು 38.5. 4ನ್ನು 38.5ರಿಂದ ಗುಣಿಸಿ 61.5ರಿಂದ ಭಾಗಿಸಿದರೆ ಸುಮಾರು 2.5 ಓಮ್. ಆಮೇಲೆ ಎರಡು ಗ್ಯಾಪ್ ಅದಲು ಬದಲು ಮಾಡಿ ನೋಡಿ, ಸೊನ್ನೆ 38.5ರ ಆಸುಪಾಸಿಗೆ ಬರಬೇಕು. 38.7 ಬಂದರೆ ಹೆದರಬೇಡಿ, ಸರಾಸರಿ ತೆಗೆಯಿರಿ. 45 ಬಂದರೆ ಎಲ್ಲೋ ಸಡಿಲ ಇದೆ.

ರೆಸಿಸ್ಟಿವಿಟಿ ಕೂಡ ಕೇಳಿದ್ದರೆ ಸ್ಕ್ರೂ ಗೇಜ್ ಕೈಗೆ ಬರುತ್ತದೆ, ನಿಜವಾಗಿ ಉತ್ತರ ಕೆಡುವುದು ಅಲ್ಲಿ. ತಂತಿಯ ವ್ಯಾಸ 0.35 ಮಿಲಿಮೀಟರ್ ಇದ್ದು ನೀವು 0.01 ತಪ್ಪಾಗಿ ಓದಿದರೆ ಸುಮಾರು 3 ಶೇಕಡ ತಪ್ಪು, ಅದರ ವರ್ಗ ತೆಗೆದುಕೊಳ್ಳುವುದರಿಂದ ಉತ್ತರದಲ್ಲಿ ಅದು ಹತ್ತಿರ ಹತ್ತಿರ 6 ಶೇಕಡ ಆಗುತ್ತದೆ. ಹಾಗಾಗಿ ಸೊನ್ನೆ ತಪ್ಪು ಮೊದಲು ನೋಡಿ, ಹಿಂದಿನ ರಾಚೆಟ್ ಟಕ್ ಟಕ್ ಅನ್ನುವವರೆಗೆ ಮಾತ್ರ ತಿರುಗಿಸಿ, ಮೂರು ನಾಲ್ಕು ಕಡೆ ಅಳೆಯಿರಿ. ಮತ್ತೆ ದಯವಿಟ್ಟು ವ್ಯಾಸವನ್ನೇ ತ್ರಿಜ್ಯ ಅಂತ ಹಾಕಿಬಿಡಬೇಡಿ, ಉತ್ತರ 4 ಪಟ್ಟು ಬರುತ್ತದೆ.

ಅಂದ ಹಾಗೆ ಮೀಟರ್ ಬ್ರಿಡ್ಜಿನ ಹಿಂದಿರುವುದು ವ್ಹೀಟ್‌ಸ್ಟನ್ ಬ್ರಿಡ್ಜ್ ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ಮೊದಲು 1833ರಲ್ಲಿ ಹೇಳಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. 1843ರಲ್ಲಿ ಜನಪ್ರಿಯ ಮಾಡಿದ್ದು ವ್ಹೀಟ್‌ಸ್ಟನ್, ಹೆಸರು ಅವರಿಗೆ ಅಂಟಿಕೊಂಡಿತು. ಪರೀಕ್ಷೆಗೆ ಬೇಕಾಗುವುದಿಲ್ಲ, ನನಗೆ ಹೇಳುವ ಚಟ ಅಷ್ಟೇ.

ಮುಳ್ಳನ್ನು ಅರ್ಧಕ್ಕೆ ತಂದು ಗ್ಯಾಲ್ವನೋಮೀಟರಿನದೇ ರೆಸಿಸ್ಟೆನ್ಸ್ ಅಳೆಯುವ ಹಾಫ್ ಡಿಫ್ಲೆಕ್ಷನ್ ಪ್ರಯೋಗ ಬಂದರೆ ಎರಡೇ ಮಾತು. ಕೀ ಹಾಕುವ ಮೊದಲು ಬಾಕ್ಸಿನಿಂದ ದೊಡ್ಡ ಪ್ಲಗ್, ಸಾವಿರದ್ದು, ತೆಗೆದಿರಬೇಕು. ಇಲ್ಲದಿದ್ದರೆ ಮುಳ್ಳು ಹೋಗಿ ಗೋಡೆಗೆ ಬಡಿದ ಹಾಗೆ ಬಡಿಯುತ್ತದೆ, ಸುರುಳಿ ಸುಟ್ಟರೂ ಸುಟ್ಟೀತು. ಎರಡನೆಯದು, ಮೊದಲ ಡಿಫ್ಲೆಕ್ಷನ್ ಸರಿಸಂಖ್ಯೆಗೆ ನಿಲ್ಲಿಸಿ. 20 ಇದ್ದರೆ ಅರ್ಧ 10. 17 ಇಟ್ಟುಕೊಂಡು ಎಂಟೂವರೆ ಹುಡುಕುವ ಉಸಾಬರಿ ಯಾರಿಗೆ ಬೇಕು? ಕೊನೆಗೆ ಬಂದ ಉತ್ತರ ನಿಮ್ಮ ಷಂಟ್ (ಗ್ಯಾಲ್ವನೋಮೀಟರಿಗೆ ಸಮಾಂತರವಾಗಿ ಜೋಡಿಸಿದ ರೆಸಿಸ್ಟೆನ್ಸ್) ಬೆಲೆಗಿಂತ ಸ್ವಲ್ಪ ಜಾಸ್ತಿ ಇರಬೇಕು. ಕಡಿಮೆ ಬಂದಿದ್ದರೆ ಸೂತ್ರದ ಕೆಳಗೆ ಕಳೆಯುವ ಬದಲು ಕೂಡಿದ್ದೀರಿ.

ಲೆನ್ಸಿಗೆ ಬರೋಣ. ಬೆಂಚಿಗೆ ಇಡುವ ಮೊದಲು ಲೆನ್ಸನ್ನು ಕಿಟಕಿ ಕಡೆ ಹಿಡಿದು ಹೊರಗಿನ ಅಡಿಕೆ ಮರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವ ಹಾಗೆ ಮಾಡಿ. ಗೋಡೆಯಿಂದ ಲೆನ್ಸಿಗೆ ಎಷ್ಟು ದೂರವೋ ಅದೇ ಹೆಚ್ಚುಕಡಿಮೆ ಫೋಕಲ್ ಲೆಂತ್. ಆ ಹುಡುಗ ಈ ಒಂದು ಕೆಲಸ ಮಾಡಿದ್ದರೆ ಅವತ್ತು ಸಿಕ್ಕಿಬೀಳುತ್ತಿರಲಿಲ್ಲ. ಬೆಳಿಗ್ಗೆಯ ಬ್ಯಾಚ್ ಆದರೆ ಹೊರಗೆ ಮಂಜು ಮುಚ್ಚಿ ಮರವೇ ಕಾಣದೆ ಇರಬಹುದು, ಆಗ ಲ್ಯಾಬಿನ ಆ ತುದಿಯ ಕಿಟಕಿ ಸರಳೇ ಸಾಕು. 3 ಮೀಟರ್ ದೂರ ಇದ್ದರೆ 15 ಸೆಂ.ಮೀ. ಲೆನ್ಸಿಗೆ 15.8 ಬರುತ್ತದೆ, ಅಂದಾಜಿಗೆ ಏನೂ ತೊಂದರೆ ಇಲ್ಲ.

ಆಮೇಲೆ ಪ್ಯಾರಲ್ಯಾಕ್ಸ್. ಈ ಪದ ಕೇಳಿದರೆ ಮಕ್ಕಳು ಬೆಚ್ಚುತ್ತಾರೆ, ಇದು ದಿನಾ ಬಸ್ಸಿನಲ್ಲಿ ನೋಡುವ ಸಂಗತಿ. ಕಿಟಕಿಯಿಂದ ನೋಡಿದರೆ ಹತ್ತಿರದ ಬೇಲಿ ಹಿಂದೆ ಓಡುತ್ತದೆ, ದೂರದ ಗುಡ್ಡ ನಿಮ್ಮ ಜೊತೆಗೇ ಬರುತ್ತದೆ. ಇಲ್ಲೂ ಅಷ್ಟೇ. ತಲೆಯನ್ನು ನಿಧಾನ ಎಡಕ್ಕೆ ಬಲಕ್ಕೆ ಆಡಿಸಿ. ಪಿನ್ ಮತ್ತು ಪ್ರತಿಬಿಂಬ, ಎರಡರಲ್ಲಿ ಯಾವುದು ನಿಮ್ಮ ತಲೆಯ ಜೊತೆ ಬರುತ್ತದೋ ಅದು ದೂರ ಇದೆ. ಪಿನ್ ಬಂತಾ, ಪಿನ್ನನ್ನು ನಿಮ್ಮ ಕಡೆ ಎಳೆಯಿರಿ. ಪ್ರತಿಬಿಂಬ ಬಂತಾ, ಪಿನ್ನನ್ನು ಆಚೆ ತಳ್ಳಿ. ಎರಡೂ ಅಂಟಿಕೊಂಡ ಹಾಗೆ ಒಟ್ಟಿಗೇ ಆಡಿದರೆ ಆಯಿತು. ನೋಡುವಾಗ ಕಣ್ಣು ಪಿನ್ನಿನಿಂದ ಒಂದಡಿಯಾದರೂ ಹಿಂದೆ ಇರಲಿ, ಮೂಗು ತಾಗಿಸಿಕೊಂಡು ನೋಡಿದರೆ ಏನೂ ಕಾಣುವುದಿಲ್ಲ. ಇನ್ನೊಂದು ಪರೀಕ್ಷೆ ನೀವೇ ಮಾಡಿಕೊಳ್ಳಬಹುದು: 15 ಸೆಂ.ಮೀ. ಲೆನ್ಸಿಗೆ 25ರಲ್ಲಿ ಪಿನ್ ಇಟ್ಟರೆ ಪ್ರತಿಬಿಂಬ 37.5ರಲ್ಲಿ, 37.5ರಲ್ಲಿ ಇಟ್ಟರೆ 25ರಲ್ಲಿ. ಹೀಗೆ ಅದಲು ಬದಲಾಗದಿದ್ದರೆ ಎಲ್ಲೋ ಕಣ್ಣು ತಪ್ಪಿದೆ.

ಪ್ರಿಸಂ ಸುಲಭ, ಪಿನ್ನುಗಳನ್ನು ದೂರ ದೂರ ಚುಚ್ಚಿ, ಬುಡ ನೋಡಿ ಸಾಲು ಹಿಡಿಯಿರಿ, ಗ್ರಾಫನ್ನು ಸ್ಕೇಲ್ ಇಟ್ಟು ಚುಕ್ಕೆಯಿಂದ ಚುಕ್ಕೆಗೆ ಎಳೆಯದೆ ಕೈಯಲ್ಲೇ ನಯವಾಗಿ ಬಾಗಿಸಿ. ಸಾಮಾನ್ಯ ಗಾಜಿಗೆ ಕನಿಷ್ಠ ವಿಚಲನೆ 37 ಡಿಗ್ರಿ ಆಸುಪಾಸು ಬರುತ್ತದೆ. ಡಯೋಡಿನಲ್ಲಿ 0.6, 0.7 ವೋಲ್ಟ್ ಹತ್ತಿರ ಬಂದಾಗ ಸಣ್ಣ ಸಣ್ಣ ಹೆಜ್ಜೆ ಇಡಿ, ಗ್ರಾಫ್ ಬಾಗುವುದು ಅಲ್ಲೇ. ಜೀನರ್ ಕೊಟ್ಟು ಬ್ರೇಕ್‌ಡೌನ್ ಕೇಳಿದಾಗ 0.7 ಬಂತು ಅಂತ ಅಳಬೇಡಿ, ಅದನ್ನು ಉಲ್ಟಾ ಜೋಡಿಸಬೇಕು ಅಷ್ಟೇ.

ಬಿಗಿದ ತಂತಿಯನ್ನು ಆಡಿಸಿ ಫ್ರೀಕ್ವೆನ್ಸಿ ಕಂಡುಹಿಡಿಯುವ ಸೋನೋಮೀಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕರೆಂಟಿನ ಫ್ರೀಕ್ವೆನ್ಸಿ 50 ಅಂತ ಎಲ್ಲರಿಗೂ ಗೊತ್ತು. ಎಲೆಕ್ಟ್ರೋಮ್ಯಾಗ್ನೆಟ್ ಇಟ್ಟು ಮಾಡಿದಾಗ ತಂತಿಯ ಫ್ರೀಕ್ವೆನ್ಸಿ 98, 101 ಹೀಗೆ ಬರುತ್ತದೆ, ಮಕ್ಕಳು ಗಾಬರಿಯಾಗಿ ಅಳಿಸಿ 50 ಮಾಡುತ್ತಾರೆ. ಅಳಿಸಬೇಡಿ, ಅದು ಸರಿಯೇ. ಕರೆಂಟ್ ಒಂದು ಸುತ್ತಿನಲ್ಲಿ ಎರಡು ಸಲ ಗರಿಷ್ಠಕ್ಕೆ ಹೋಗುತ್ತದೆ, ಎರಡು ಸಲವೂ ಮ್ಯಾಗ್ನೆಟ್ ಉಕ್ಕಿನ ತಂತಿಯನ್ನು ಎಳೆಯುತ್ತದೆ. ಹಾಗಾಗಿ ತಂತಿ 100 ಸಲ ಆಡುತ್ತದೆ, ಕೊನೆಗೆ 2ರಿಂದ ಭಾಗಿಸಬೇಕು. ತಂತಿಯಲ್ಲೇ ಕರೆಂಟ್ ಬಿಟ್ಟು ಪಕ್ಕದಲ್ಲಿ ಕಾಯಂ ಅಯಸ್ಕಾಂತ ಇಟ್ಟಿದ್ದರೆ ಮಾತ್ರ ನೇರ 50. ಯಾವ ಜೋಡಣೆ ಅಂತ ಟೇಬಲ್ ನೋಡಿ ಹೇಳಿದರೆ ವೈವಾ ಅರ್ಧ ಗೆದ್ದ ಹಾಗೆ.

ಮುಟ್ಟಿಲ್ಲ ಅಂದಿರಲ್ಲ, ಮನೆಯಲ್ಲೇ ಕೈ ಪಳಗಿಸಲು ಒಂದು ಉಪಾಯ. ಈಗ ಹೇಗೂ ಅಡಿಕೆ ಕೊಯ್ಲಿನ ಕಾಲ, ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಸಿಪ್ಪೆ ಸಮೇತ ಒಂದು ಅಡಿಕೆಗೆ ದಾರ ಕಟ್ಟಿ ಚಪ್ಪರದ ಗಳಕ್ಕೆ ತೂಗುಬಿಡಿ, ಕಟ್ಟಿದ ಜಾಗದಿಂದ ಅಡಿಕೆಯ ನಡುವಿನವರೆಗೆ ಸರಿಯಾಗಿ 1 ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಡಿ, 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ. ಸುಮಾರು 40.2 ಬರಬೇಕು. ನಮ್ಮ ಶಿವಮೊಗ್ಗದ ಕಡೆ ಜಿ ಬೆಲೆ ಸುಮಾರು 9.78, ಪುಸ್ತಕದ 9.8 ಅಲ್ಲಿಂದ ದೂರ ಇಲ್ಲ. ನಿಮಗೆ 10.8 ಬಂತು ಅಂದರೆ ಭೂಮಿಯ ತಪ್ಪಲ್ಲ, ಅಡಿಕೆ ಬಿಡುವಾಗಲೇ "ಒಂದು" ಅಂತ ಎಣಿಸಿದ್ದೀರಿ, ಆದದ್ದು 19 ಆಂದೋಲನ. ಬಿಡುವಾಗ "ಸೊನ್ನೆ" ಅನ್ನಬೇಕು. ಇದು ಫಸ್ಟ್ ಪಿಯು ಪ್ರಯೋಗ, ನಿಮ್ಮ ಚೀಟಿಯಲ್ಲಿ ಬರುವುದಿಲ್ಲ. ಆದರೂ ಮಾಡಿ, ತಪ್ಪು ಉತ್ತರ ನೋಡಿ ಎಲ್ಲಿ ತಪ್ಪಿದೆ ಅಂತ ಹಿಡಿಯುವ ಅಭ್ಯಾಸ ಇದರಲ್ಲಿ ಬರುವಷ್ಟು ಬೇಗ ಬೇರೆ ಯಾವುದರಲ್ಲೂ ಬರುವುದಿಲ್ಲ. ಅಜ್ಜನ ಓದುವ ಕನ್ನಡಕ ಪ್ಲಸ್ 2 ಇದ್ದರೆ ಫೋಕಲ್ ಲೆಂತ್ 50 ಸೆಂ.ಮೀ., ಅದನ್ನೂ ಗೋಡೆಗೆ ಹಿಡಿದು ಅಳೆದು ನೋಡಿ. ಅಜ್ಜನಿಗೆ ಪೇಪರ್ ಓದಿ ಮುಗಿದ ಮೇಲೆ.

ಕಾಲೇಜಿನಲ್ಲಿ ನಾಚಿಕೆ ಬಿಟ್ಟು ನಿಮ್ಮ ಲೆಕ್ಚರರ್ ಹತ್ತಿರ ಹೋಗಿ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲ್ಯಾಬ್ ತೆಗೆದುಕೊಡಿ ಅಂತ ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ, ಕೇಳುವವರೇ ಇರುವುದಿಲ್ಲ. 6 ಜನರ ಗುಂಪಿನಲ್ಲಿ ಇಷ್ಟು ದಿನ ಬರೆದವರು ಜೋಡಿಸಲಿ, ಜೋಡಿಸಿದವರು ಬರೆಯಲಿ. ಒಮ್ಮೆ ಕನೆಕ್ಷನ್ ಪೂರಾ ಬಿಚ್ಚಿ, ಚಿತ್ರ ನೋಡದೆ ಮತ್ತೆ ಕೊಡಿ. ಇನ್ನೂ ಒಳ್ಳೆಯದು, ಗೆಳತಿಗೆ ಒಂದು ವೈರ್ ಕದ್ದು ಸಡಿಲ ಮಾಡಲು ಹೇಳಿ ನೀವು ಕಂಡುಹಿಡಿಯಿರಿ.

ವೈವಾ. ನಾನು ಕೂತಾಗ ಕನ್ನಡದಲ್ಲಿ ಉತ್ತರ ಹೇಳಿದವರ ಅಂಕ ಯಾವತ್ತೂ ಕತ್ತರಿಸಿದ್ದಿಲ್ಲ. "ಸರ್, ಕನ್ನಡದಲ್ಲಿ ಹೇಳಬಹುದಾ?" ಅಂತ ಮೊದಲೇ ಕೇಳಿಬಿಡಿ, ರೆಸಿಸ್ಟೆನ್ಸ್, ಫೋಕಸ್, ಬಯಾಸ್ ಇಂಥ ಪದ ಹೇಗೂ ನಿಮ್ಮ ಬಾಯಲ್ಲಿ ಇವೆ. ಪ್ರಶ್ನೆಗಳು ಸಾಮಾನ್ಯವಾಗಿ ನಿಮ್ಮ ಟೇಬಲ್ ಮೇಲಿನ ವಸ್ತುಗಳ ಬಗ್ಗೆಯೇ ಬರುತ್ತವೆ. ಬ್ರಿಡ್ಜಿನ ತಂತಿ ಯಾಕೆ ಕಾನ್‌ಸ್ಟಂಟನ್ ಅಥವಾ ಮ್ಯಾಂಗನಿನ್? ಬಿಸಿಯಾದರೂ ರೆಸಿಸ್ಟೆನ್ಸ್ ಹೆಚ್ಚು ಬದಲಾಗುವುದಿಲ್ಲ. ಪಟ್ಟಿ ಯಾಕೆ ದಪ್ಪ ತಾಮ್ರದ್ದು? ಅದರ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇರಲಿ ಅಂತ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಮುಂದಿನ ಪ್ರಶ್ನೆ ಬರುತ್ತದೆ. ಸುಮ್ಮನೆ ನೆಲ ನೋಡುತ್ತಾ ನಿಂತರೆ ನಮಗೂ ಏನು ಕೇಳುವುದು ಅಂತ ತೋಚುವುದಿಲ್ಲ.

ಪರೀಕ್ಷೆ ದಿನ ತಪ್ಪು ರೀಡಿಂಗ್ ಬರೆದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದ್ದು ಬರೆಯಿರಿ, ವೈಟ್ನರ್ ಬಳಿಯಬೇಡಿ. ಉತ್ತರಕ್ಕೆ ದಶಾಂಶದ ಮುಂದೆ ಎಂಟು ಅಂಕೆ ಬೇಡ, ಯೂನಿಟ್ ಬೇಕು. ಮಧ್ಯೆ ಕರೆಂಟ್ ಹೋದರೆ ಕೂತು ಬೆವರದೆ ಅಷ್ಟರವರೆಗಿನ ಲೆಕ್ಕ ಮಾಡುತ್ತಿರಿ. ಹತ್ತು ನಿಮಿಷ ಒದ್ದಾಡಿಯೂ ಮುಳ್ಳು ದಾರಿಗೆ ಬರದಿದ್ದರೆ ಕೈ ಎತ್ತಿ ಕರೆಯಿರಿ, ಕೆಟ್ಟ ಮೀಟರ್ ಇದ್ದರೆ ಬದಲಿಸಿ ಕೊಡುತ್ತಾರೆ. ಆದರೆ ಕರೆಯುವ ಮೊದಲು ಎರಡೂ ತುದಿ ಒತ್ತಿ ನೋಡಿ, "ಸರ್, ಬಲ ತುದಿಯಲ್ಲಿ ಸೊನ್ನೆ ಬರುತ್ತಿದೆ, ಎಡ ಗ್ಯಾಪ್ ನೋಡಿದೆ, ವೈರ್ ಸರಿ ಇದೆ, ಬಾಕ್ಸ್ ಮೇಲೆ ಅನುಮಾನ" ಅಂತ ಹೇಳಿ. ಹಾಗೆ ಹೇಳುವ ಹುಡುಗಿಗೆ ವೈವಾದಲ್ಲಿ ಕೇಳಲು ನನ್ನ ಹತ್ತಿರ ಹೆಚ್ಚೇನೂ ಉಳಿಯುವುದಿಲ್ಲ.

ಮತ್ತೆ ಆ ಮರಳು ಕಾಗದ, ಹಾರ್ಡ್‌ವೇರ್ ಅಂಗಡಿಯಲ್ಲಿ ನಯವಾದದ್ದು ಕೇಳಿ ಒಂದು ತುಂಡು ಜಾಮಿಟ್ರಿ ಬಾಕ್ಸಿಗೆ ಹಾಕಿಕೊಳ್ಳಿ. ಪಕ್ಕದ ಟೇಬಲ್‌ನವರೂ ಕೇಳುತ್ತಾರೆ, ಸ್ವಲ್ಪ ದೊಡ್ಡದೇ ಇರಲಿ.